ಎರಡೂ ತೋಳು ಬಲಗಡೆಯವೇ

ನನಗೆ ಜಂಬ ಇದೆ. ಇಲ್ಲವೆಂದು ತಲೆ ತಗ್ಗಿಸಿ ನಿಲ್ಲುವ ನಾಟಕ ನನಗೆ ಬರುವುದಿಲ್ಲ. ಬನಶಂಕರಿಯಲ್ಲಿ ಒಂದು ತರಕಾರಿ ಅಂಗಡಿಗೂ ಒಂದು ಹಿಟ್ಟಿನ ಗಿರಣಿಗೂ ನಡುವೆ ಹತ್ತಡಿ ಅಗಲದ ಮಳಿಗೆ ಇದೆಯಲ್ಲ, ಅಲ್ಲಿ ಇಪ್ಪತ್ತೆರಡು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಹೊಲಿಯುತ್ತಿದ್ದೇನೆ ಎಂದರೆ ತಪ್ಪಾಗುತ್ತದೆ, ಕತ್ತರಿಸುತ್ತಿದ್ದೇನೆ. ಮಿಷನ್ ತುಳಿಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಧೈರ್ಯವಾಗಿ ಬಟ್ಟೆಗೆ ಕತ್ತರಿ ಇಡುವವರು ಸಿಗುವುದಿಲ್ಲ. ರವಿಕೆ ಮೈಗೆ ಚೆನ್ನಾಗಿ ಕೂತರೆ ಅದು ಕತ್ತರಿಯ ಕೆಲಸ, ಕಂಕುಳಲ್ಲಿ ಹಿಡಿದರೆ ಅದೂ ಕತ್ತರಿಯದೇ. ಅದಕ್ಕೇ ನಮ್ಮ ಕಸುಬಿನಲ್ಲಿ ಕತ್ತರಿ ಹಿಡಿದವರನ್ನು ಮಾಸ್ಟರ್ ಎನ್ನುತ್ತಾರೆ. ಸುತ್ತಮುತ್ತಲಿನವರಿಗೆಲ್ಲ ನಾನು ಮಾಸ್ಟರ್ ಆಂಟಿ. ನನ್ನ ನಿಜವಾದ ಹೆಸರು ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ ಆ ದೇವರೇ ಬಲ್ಲ.

ಅಂಗಡಿಯಲ್ಲಿ ನನ್ನ ಜೊತೆ ಇನ್ನೊಬ್ಬಳಿದ್ದಾಳೆ. ಉತ್ತರಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಮಿಷನ್ ಅವಳದು. ಹನ್ನೊಂದು ವರ್ಷದಿಂದ ನಾನು ಕತ್ತರಿಸಿ ಕೊಟ್ಟದ್ದನ್ನು ಅವಳು ಹೊಲಿಯುತ್ತಾಳೆ. ಅವಳ ಹೊಲಿಗೆಗೆ ಹೆಸರಿಡಲು ಆಗುವುದಿಲ್ಲ, ಇರುವೆ ಸಾಲು ಹಿಡಿದ ಹಾಗೆ ಹೋಗುತ್ತದೆ. ಆದರೆ ಒಂದು ದಿನವೂ ನಾನು ಅವಳಿಗೆ ಕಟಿಂಗ್ ಕಲಿಸಲಿಲ್ಲ. ಕೇಳಿದಾಗಲೆಲ್ಲ "ಆಮೇಲೆ ನೋಡೋಣ ಬಿಡೇ" ಎಂದು ಹಾರಿಸಿಬಿಡುತ್ತಿದ್ದೆ. ಕಲಿತರೆ ಎದುರುಗಡೆಯೇ ಅಂಗಡಿ ಹಾಕಿಬಿಟ್ಟರೆ ಎಂಬ ಹೊಟ್ಟೆಕಿಚ್ಚು ನನಗಿತ್ತು. ಈಗ ಬರೆಯುತ್ತಾ ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಇದ್ದ ಹಾಗೇ ಹೇಳಬೇಕು.

ಒಂದು ಮಧ್ಯಾಹ್ನ ಜಯನಗರದಲ್ಲಿ ಲೈನಿಂಗ್ ಬಟ್ಟೆ ಕೊಂಡು ಬರುತ್ತಿದ್ದೆ. ಫುಟ್‌ಪಾತಿನ ಒಂದು ಕಲ್ಲು ಸಡಿಲವಾಗಿತ್ತು, ಕಾಲಿಟ್ಟ ಕೂಡಲೇ ತೊಟ್ಟಿಲಿನಂತೆ ತೂಗಿತು. ಬಲಗೈ ಊರಿ ಬಿದ್ದೆ. ಬಿದ್ದವಳು ಮೊದಲು ನೋಡಿದ್ದು ಲೈನಿಂಗ್ ಬಟ್ಟೆಗೆ ಕೊಳೆಯಾಯಿತೇ ಎಂದು. ಆಮೇಲೆ ಕೈ ನೋಡಿದರೆ ಮಣಿಕಟ್ಟು ಬೇರೆ ಯಾರದೋ ಎನ್ನುವ ಹಾಗೆ ಓರೆಯಾಗಿ ತಿರುಗಿತ್ತು.

ಆಪರೇಷನ್ ಆಯಿತು, ಒಳಗೆ ಪ್ಲೇಟ್ ಕೂರಿಸಿದರು, ಮೂಳೆಯೂ ಕೂಡಿತು. ಆದರೆ ನರಕ್ಕೆ ಪೆಟ್ಟು ಬಿದ್ದಿತ್ತು. ಹೆಬ್ಬೆರಳು ನನ್ನ ಮಾತು ಕೇಳುವುದನ್ನೇ ನಿಲ್ಲಿಸಿತು. ಮಡಿಸು ಎಂದರೆ ಮಡಿಸುವುದಿಲ್ಲ, ಒತ್ತು ಎಂದರೆ ಒತ್ತುವುದಿಲ್ಲ. ಆರು ವಾರ ಫಿಸಿಯೋಥೆರಪಿ ಮಾಡಿಸಿದ ಮೇಲೂ ಒಂದು ಲೋಟ ಕಾಫಿ ಎತ್ತಲು ಆಗಲಿಲ್ಲ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಒಳ್ಳೆಯ ಹುಡುಗಿ. ನನ್ನ ಕೈ ಹಿಡಿದುಕೊಂಡೇ ಹೇಳಿದರು.

"ಆಂಟಿ, ಸ್ನಾನ, ಊಟ ಎಲ್ಲಾ ಮೆಲ್ಲಗೆ ನೀವೇ ಮಾಡ್ಕೋಬಹುದು. ಆದ್ರೆ ಮೊದಲಿನ ಗ್ರಿಪ್ ಬರೋದು ಕಷ್ಟ."

"ಊಟ ಮಾಡೋಕೆ ಅಂತ ಹುಟ್ಟಿದೀನಾ ಡಾಕ್ಟ್ರೇ ನಾನು?" ಎಂದು ರೇಗಿದೆ. ಪಾಪ, ಅವರದ್ದೇನು ತಪ್ಪು! ಆಟೋದಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಅತ್ತೆ. ಡ್ರೈವರ್ ಕನ್ನಡಿಯಲ್ಲಿ ನೋಡಿದರೂ ನೋಡಲಿ ಎಂದು ಜೋರಾಗಿಯೇ ಅತ್ತೆ.

ನಮ್ಮವರು ಹನುಮಂತನಗರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಾರೆ. ಮಾತು ಕಡಿಮೆ. ಅವತ್ತು ಸಂಜೆ ನನ್ನ ಪಕ್ಕ ಕೂತು, ಬಹಳ ಯೋಚಿಸಿ ಹೇಳಿದರು.

"ಸಾಕು ಬಿಡೇ ಇನ್ನು. ಇಷ್ಟು ವರ್ಷ ಮಾಡಿದ್ದಾಯ್ತಲ್ಲ. ಆರಾಮಾಗಿ ಮನೇಲಿರು."

"ಮನೇಲಿದ್ದು ಏನ್ ಮಾಡ್ಲಿ? ನಿಮ್ಮ ಮುಖ ನೋಡ್ಕೊಂಡು ಕೂರ್ಲಾ?"

"ನೋಡ್ಬಹುದು. ಅಷ್ಟೇನೂ ಕೆಟ್ಟದಾಗಿಲ್ಲ" ಎಂದರು. ಅಂಥ ಹೊತ್ತಲ್ಲೂ ನಗು ಬಂತು. ಆದರೆ ನಕ್ಕ ಮಾತ್ರಕ್ಕೆ ಒಪ್ಪಿದೆ ಎಂದಲ್ಲ.

ಅಂಗಡಿ ಆ ದಿನಗಳಲ್ಲಿ ಉಸಿರಾಡುತ್ತಿತ್ತು ಅಷ್ಟೇ. ಸೀರೆಗೆ ಫಾಲ್ ಹಾಕುವುದು, ಹಳೇ ರವಿಕೆ ಬಿಚ್ಚಿ ಅಗಲ ಮಾಡುವುದು, ಹುಕ್ಸು ಹಾಕುವುದು. ಹೊಸ ಬಟ್ಟೆ ತಂದವರನ್ನೆಲ್ಲ ವಾಪಸ್ಸು ಕಳಿಸಬೇಕಾಗಿತ್ತು. ನಾನು ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳುತ್ತೇನೆ, ನೀನು ಕತ್ತರಿಸು ಎಂದು ಮಿಷನ್‌ನವಳಿಗೆ ಹೇಳಿ ನೋಡಿದೆ. ಕತ್ತರಿ ಕೈಗೆ ಬಂದ ಕೂಡಲೇ ಅವಳು ಅದನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು.

"ಅಕ್ಕಾ, ನನ್ ಕೈಲಾಗಲ್ಲ. ಹನ್ನೊಂದು ವರ್ಷ ಮುಟ್ಬೇಡ ಅಂದ್ರಿ, ಈಗ ಇದ್ದಕ್ಕಿದ್ದಂಗೆ ಕತ್ರಿಸು ಅಂದ್ರೆ?"

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ನನಗೇ ಹೇಳಿದ ಮಾತು ಅದು. ಇನ್ನು ಉಳಿದದ್ದು ನನ್ನ ಎಡಗೈ ಒಂದೇ.

ಎಡಗೈಯಲ್ಲಿ ಕತ್ತರಿ ಹಿಡಿದ ಮೊದಲ ದಿನ ಬಟ್ಟೆ ಕತ್ತರಿಸಲೇ ಇಲ್ಲ. ಎರಡು ಅಲಗಿನ ನಡುವೆ ಮಡಚಿಕೊಂಡು, ಜಗಿದು ಬಿಟ್ಟ ಎಲೆಯಡಿಕೆಯ ಹಾಗೆ ಹೊರಗೆ ಬಂತು. ಕೈಗೆ ಬಲ ಇಲ್ಲ ಎಂದುಕೊಂಡು ಇನ್ನೂ ಜೋರಾಗಿ ಒತ್ತಿದೆ. ಒತ್ತಿದಷ್ಟೂ ಜಗಿಯಿತು. ಎಡಗೈಯವರಿಗೆಂದೇ ಬೇರೆ ಕತ್ತರಿ ಇರುತ್ತದೆ ಎಂದು ಯಾರೋ ಹೇಳಿದರು. ಫೋನಿನಲ್ಲಿ ಹುಡುಕಿ ಆರ್ಡರ್ ಮಾಡಿದೆ. ನಾಲ್ಕು ದಿನ ಕಾದು ಡಬ್ಬ ಬಿಚ್ಚಿದರೆ, ಹಳದಿ ಪ್ಲಾಸ್ಟಿಕ್ ಹಿಡಿ, ಅದರ ಮೇಲೊಂದು ಬಾತುಕೋಳಿ ಚಿತ್ರ. ಶಾಲೆ ಮಕ್ಕಳು ಬಣ್ಣದ ಕಾಗದ ಕತ್ತರಿಸುವ ಕತ್ತರಿ. ಮಿಷನ್‌ನವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನೂ ನಕ್ಕೆ, ಆಮೇಲೆ ಅದನ್ನು ಡಬ್ಬದ ಸಮೇತ ಎಸೆದೆ.

ದಾರಿ ತೋರಿಸಿದವರು ಸಾಣೆಯವರು. ಗಿರಿನಗರದ ಕಡೆಯಿಂದ ಸೈಕಲ್ಲಿಗೆ ಸಾಣೆಗಲ್ಲಿನ ಚಕ್ರ ಕಟ್ಟಿಕೊಂಡು ತಿಂಗಳಿಗೊಮ್ಮೆ ನಮ್ಮ ಬೀದಿಗೆ ಬರುತ್ತಾರೆ. ವಯಸ್ಸಾದವರು, ನನ್ನ ಕತ್ತರಿಗೆ ಮೊದಲಿಂದ ಅವರೇ ವೈದ್ಯರು. ನಾನು ಎಡಗೈಯಲ್ಲಿ ಒದ್ದಾಡುವುದನ್ನು ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದರು.

"ಅಮ್ಮಾ, ಈ ಕತ್ರಿ ಹುಟ್ಟಿದ್ದೇ ಬಲಗೈಗೆ. ಎಡಗೈಲಿ ಒತ್ತಿದ್ರೆ ಎರಡು ಅಲಗೂ ದೂರ ದೂರ ಹೋಗ್ತವೆ, ಗಂಡ ಹೆಂಡ್ತಿ ಮುನಿಸ್ಕೊಂಡಂಗೆ. ನೀವು ಹೆಬ್ಬೆಟ್ಟು ಹೊರಕ್ಕೆ ತಳ್ತಾ ಇದೀರ. ಒಳಕ್ಕೆ ಎಳ್ಕೊಳ್ಳಿ. ಬೆರಳುಗಳನ್ನ ಆಚೆ ತಳ್ಳಿ. ಆಗ ಎರಡೂ ಕೂಡ್ತವೆ."

ತಿರುಪು ಬಿಗಿ ಮಾಡಿ, ಅಲಗು ಹರಿತ ಮಾಡಿ ಕೊಟ್ಟರು. ಅವರು ಹೇಳಿದ ಹಾಗೆ ಹೆಬ್ಬೆರಳನ್ನು ಅಂಗೈ ಕಡೆಗೆ ಎಳೆದುಕೊಂಡು ಕತ್ತರಿ ಆಡಿಸಿದೆ. ಒಂದಂಗುಲ ಬಟ್ಟೆ ಸುಯ್ಯೆಂದು ಸೀಳಿತು. ಒಂದೇ ಅಂಗುಲ! ಆದರೆ ಆ ಸದ್ದು ಕೇಳಿ ಎಷ್ಟು ತಿಂಗಳಾಗಿತ್ತು! ನನ್ನ ಕಣ್ಣಲ್ಲಿ ನೀರು ಬಂತು. ಅವರು ನೋಡದವರ ಹಾಗೆ ಸೈಕಲ್ ತಿರುಗಿಸಿಕೊಂಡರು.

ಅಲ್ಲಿಂದ ನನ್ನ ಹಟ ಶುರುವಾಯಿತು. ನಮ್ಮವರು ಪ್ರೆಸ್ಸಿನಿಂದ ಕೆಟ್ಟುಹೋದ ಹಾಳೆಗಳನ್ನು ಕಟ್ಟು ಕಟ್ಟಾಗಿ ತಂದು ಹಾಕತೊಡಗಿದರು. ಬಣ್ಣ ಚೆಲ್ಲಿದ ಕ್ಯಾಲೆಂಡರು, ಅಕ್ಷರ ತಪ್ಪಾದ ಲಗ್ನಪತ್ರಿಕೆ, ಯಾವುದೋ ಕಾಲೇಜಿನ ಪ್ರಶ್ನೆಪತ್ರಿಕೆ. ಮೊದಲು ನೇರ ಗೆರೆ. ಆಮೇಲೆ ಕುತ್ತಿಗೆಯ ಸುತ್ತು. ಆಮೇಲೆ ಕಂಕುಳ ಸುತ್ತು, ಅದೇ ಎಲ್ಲಕ್ಕಿಂತ ಕಷ್ಟ. ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು ಒಡೆಯಿತು. ಅರಿಶಿನ ಹಚ್ಚಿ ಬಟ್ಟೆ ಸುತ್ತಿಕೊಂಡು ಮತ್ತೆ ಕತ್ತರಿಸಿದೆ. ಕೆಲವು ದಿನ ಹಿಂದಿನ ದಿನಕ್ಕಿಂತ ಕೆಟ್ಟದಾಗಿ ಬರುತ್ತಿತ್ತು. ಅಂಥ ದಿನ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ, ಇಡೀ ಬೀದಿಗೆ ಕೇಳುವ ಹಾಗೆ ಬೈದು, ಒಂದು ಲೋಟ ಕಾಫಿ ಕುಡಿದು, ಮತ್ತೆ ಕೂರುತ್ತಿದ್ದೆ. ಕಾಗದ ಮುಗಿದ ಮೇಲೆ ಹಳೇ ಬೆಡ್‌ಶೀಟು, ನಮ್ಮವರ ಎರಡು ಲುಂಗಿ. ಮೂರನೇ ಲುಂಗಿಗೆ ಕೈ ಹಾಕಿದಾಗ ಅವರು ಅದನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಮೂರು ತಿಂಗಳಿಗೆ ಕಾಟನ್ ರವಿಕೆ ಕತ್ತರಿಸುವಷ್ಟು ಕೈ ಕೂತಿತು. ಒಂದು ಕೊರತೆ ಮಾತ್ರ ಉಳಿದಿತ್ತು. ಬಟ್ಟೆಯನ್ನು ಎರಡು ಪದರ ಮಡಿಸಿಟ್ಟರೆ ಎಡಗೈಗೆ ಶಕ್ತಿ ಸಾಲುತ್ತಿರಲಿಲ್ಲ. ಒಂದೊಂದೇ ಪದರ ಕತ್ತರಿಸಬೇಕಾಗಿತ್ತು. ಹೊತ್ತು ಎರಡು ಪಟ್ಟು ಹಿಡಿಯುತ್ತಿತ್ತು, ಹಿಡಿಯಲಿ ಎಂದು ಅಂಗಡಿಯಲ್ಲಿ ಹೊಸ ಬಟ್ಟೆ ತೆಗೆದುಕೊಳ್ಳಲು ಶುರು ಮಾಡಿದೆ.

ಆಗ ಎದುರಾಯಿತು ನಾನು ಯೋಚಿಸಿಯೇ ಇರದ ಒಂದು ಗೋಡೆ. ವರಮಹಾಲಕ್ಷ್ಮಿ ಹಬ್ಬಕ್ಕೆಂದು ಖಾಯಂ ಗಿರಾಕಿಯೊಬ್ಬರು ಬಟ್ಟೆ ತಂದರು. ಸಂತೋಷದಲ್ಲಿ ಎಡಗೈ ಚಾಚಿದೆ. ಕೊಡಲು ಬಂದ ಅವರ ಕೈ ಹಿಂದಕ್ಕೆ ಹೋಯಿತು.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ಹಬ್ಬದ ಬಟ್ಟೆ... ಎಡಗೈಲಿ ತಗೋತಿದೀರಲ್ಲ" ಎಂದು ಕವರನ್ನು ಮೇಜಿನ ಮೇಲಿಟ್ಟರು.

ನನಗೆ ಅವರ ಮೇಲೆ ಕೋಪ ಮಾಡಿಕೊಳ್ಳಲೂ ಆಗಲಿಲ್ಲ. ನಾನೂ ಅದೇ ನೀರು ಕುಡಿದು ಬೆಳೆದವಳು. ಚಿಕ್ಕಂದಿನಲ್ಲಿ ಎಡಗೈಯಲ್ಲಿ ಏನಾದರೂ ಕೊಟ್ಟರೆ ಅಮ್ಮ ಕೈಮೇಲೆ ಪಟ್ಟೆಂದು ಹೊಡೆಯುತ್ತಿದ್ದಳು. ದುಡ್ಡಾಗಲಿ ಹೂವಾಗಲಿ ಎಡಗೈಯಲ್ಲಿ ನಾನೇ ಯಾರಿಂದಲೂ ತೆಗೆದುಕೊಂಡವಳಲ್ಲ. ಹಾಗಿದ್ದ ಮೇಲೆ ಪೂಜೆಯ ಬಟ್ಟೆಗೆ, ಮದುವೆಯ ಬಟ್ಟೆಗೆ ಎಡಗೈಯ ಕತ್ತರಿ ಎಂದರೆ ಯಾರು ಒಪ್ಪುತ್ತಾರೆ? ಮಾರನೇ ದಿನವೇ ಹಳೇ ಸೀರೆಯೊಂದನ್ನು ಕಟಿಂಗ್ ಮೇಜಿನ ಮುಂದೆ ಪರದೆಯಾಗಿ ಕಟ್ಟಿದೆ. ಗಿರಾಕಿಗಳ ಮುಂದೆ ಬಲಗೈಯನ್ನು ಮುಂದೆ ಚಾಚಿ, ಕೆಳಗಿನಿಂದ ಎಡಗೈ ಆಸರೆ ಕೊಟ್ಟು ಬಟ್ಟೆ ತೆಗೆದುಕೊಳ್ಳುವುದು, ಅವರು ಹೋದ ಮೇಲೆ ಪರದೆಯ ಹಿಂದೆ ಎಡಗೈಯಲ್ಲಿ ಕತ್ತರಿಸುವುದು. ಕೇಳಿದವರಿಗೆ ಕೈ ಸರಿಹೋಯಿತು ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಕೆಲಸದ ವಿಷಯಕ್ಕೆ ನಾನು ಹೇಳಿದ ಮೊದಲ ಸುಳ್ಳು ಅದು.

ಹೀಗೆ ಎರಡು ತಿಂಗಳು ನಡೆಯಿತು. ಆಮೇಲೆ ಆ ಅಜ್ಜಿ ಬಂದರು.

ಅಜ್ಜಿ ಜಯನಗರದವರು, ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಮೊದಲಿನಿಂದಲೂ ಅವರ ರವಿಕೆಗಳೆಲ್ಲ ನನ್ನ ಕತ್ತರಿಯವೇ. ಮಾತು ಕಟ್ಟುನಿಟ್ಟು, ಮಡಿ ಮೈಲಿಗೆ ಇನ್ನೂ ಕಟ್ಟುನಿಟ್ಟು. ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಮೊಮ್ಮಗಳ ಮದುವೆ ಇನ್ನು ಮೂರು ವಾರ ಇತ್ತು. ಧಾರೆ ಸೀರೆ ಕೆನೆಬಣ್ಣದ್ದು, ಅದಕ್ಕಂಟಿದ ರವಿಕೆ ಬಟ್ಟೆ ಕುಂಕುಮದ ಕೆಂಪು, ಒಂದು ಬದಿಗೆ ಮಾತ್ರ ಜರಿ ಅಂಚು. ಸೀರೆಯ ಜೊತೆಯೇ ನೇಯ್ದ ಬಟ್ಟೆ ಅದು. ಹಾಳಾದರೆ ಅದರ ಜೋಡಿ ಇನ್ನೆಲ್ಲೂ ಸಿಗುವುದಿಲ್ಲ.

"ಏನ್ರೀ ಮಾಸ್ಟ್ರೇ, ಕೈ ಈಗ ಪೂರ್ತಿ ಸರಿಹೋಯ್ತು ತಾನೇ? ನಿಮಗೋಸ್ಕರವೇ ಕಾದಿದ್ದು ನಾವು. ಇವಳು ಬೊಟೀಕ್‌ಗೆ ಕೊಡೋಣ ಅಂತಿದ್ಲು, ನಾನು ಬೇಡ ಅಂದೆ."

"ಸರಿಹೋಯ್ತಮ್ಮ" ಎಂದೆ. ಅಳತೆ ತೆಗೆದೆ. ಬೇಡ ಎನ್ನಬಹುದಿತ್ತು. ಹೆಮ್ಮೆ ಬಿಡಲಿಲ್ಲ.

ಕತ್ತರಿಸಲು ಕೂತದ್ದು ಮಾರನೇ ದಿನ ಬೆಳಿಗ್ಗೆ, ಸ್ನಾನ ಮಾಡಿ ದೇವರಿಗೆ ಕೈಮುಗಿದು. ಬೆನ್ನು, ಎದೆ ಎಲ್ಲ ಚೆನ್ನಾಗಿ ಬಂದವು. ಉಳಿದದ್ದು ತೋಳುಗಳು. ನೋಡುವವರಿಗೆ ರವಿಕೆಯ ಎರಡು ತೋಳೂ ಒಂದೇ ತರಹ ಕಾಣುತ್ತವೆ. ಹಾಗಲ್ಲ. ತೋಳಿಗೂ ಮುಂದು ಹಿಂದು ಇದೆ, ಮುಂಭಾಗದಲ್ಲಿ ಕಂಕುಳ ಹತ್ತಿರ ಸ್ವಲ್ಪ ಜಾಸ್ತಿ ಕೊರೆಯಬೇಕು. ಅದಕ್ಕೇ ಬಟ್ಟೆಯನ್ನು ಮುಖಕ್ಕೆ ಮುಖ ಸೇರಿಸಿ ಮಡಿಸಿ, ಎರಡು ಪದರವನ್ನೂ ಒಟ್ಟಿಗೆ ಕತ್ತರಿಸುತ್ತೇವೆ. ಆಗ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ ತಾನಾಗಿಯೇ ಬರುತ್ತದೆ. ನನಗೆ ಎರಡು ಪದರ ಕತ್ತರಿಸಲು ಆಗುತ್ತಿರಲಿಲ್ಲವಲ್ಲ. ಕಾಗದದ ನಮೂನೆ ಇಟ್ಟು ಒಂದು ತೋಳು ಕತ್ತರಿಸಿದೆ. ಎರಡನೆಯದಕ್ಕೆ ನಮೂನೆಯನ್ನು ತಿರುವಿ ಹಾಕಬೇಕು. ಕಾಟನ್ ಬಟ್ಟೆಯಲ್ಲೆಲ್ಲ ಮರೆಯದೆ ತಿರುವಿದ್ದೆ. ಅವತ್ತು ಕೈ ಅಲುಗಬಾರದು, ರೇಷ್ಮೆ ಜಾರಬಾರದು ಎನ್ನುವುದರ ಮೇಲೇ ಪ್ರಾಣವೆಲ್ಲ ಇಟ್ಟಿದ್ದೆ. ತಿರುವಲಿಲ್ಲ.

ಮಧ್ಯಾಹ್ನ ಮಿಷನ್ ಸದ್ದು ನಿಂತಿತು. ಅವಳು ಎರಡು ತೋಳನ್ನೂ ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಅಕ್ಕಾ... ಎರಡೂ ಬಲಗಡೆಯವೇ."

ಅಯ್ಯೋ ಶಿವನೇ! ಕಸಿದುಕೊಂಡು ನೋಡಿದೆ. ಒಂದನ್ನು ಮಗುಚಿದರೆ ಎಡಕ್ಕೆ ಹೊಂದುತ್ತದೆ, ಆದರೆ ಆಗ ಬಟ್ಟೆಯ ಒಳಮೈ ಹೊರಗೆ ಬಂದು ಜರಿಯ ಎಳೆಗಳೆಲ್ಲ ಜೋತಾಡುತ್ತವೆ. ಇಪ್ಪತ್ತೆರಡು ವರ್ಷದಲ್ಲಿ ಕಲಿಯುವ ಹುಡುಗಿಯರು ಈ ತಪ್ಪು ಮಾಡಿದ್ದು ಕೇಳಿ ನಗಾಡಿದ್ದೆ. ಸ್ಟೂಲಿನ ಮೇಲೆ ಕೂತುಬಿಟ್ಟೆ.

ನಮ್ಮವರಿಗೆ ಫೋನ್ ಮಾಡಿದೆ. ಚಿಕ್ಕಪೇಟೆಗೆ ಹೋಗಿ ಅದೇ ಬಣ್ಣದ್ದು ಹುಡುಕಿ ತರೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಮಿಷನ್‌ನವಳು ಬೇರೆ ದಾರಿ ಹೇಳಿದಳು. "ಇನ್ನೊಂದು ತೋಳಾಗೋವಷ್ಟು ಬಟ್ಟೆ ಉಳಿದಿಲ್ಲ. ಉಳಿದ ಚೂರಲ್ಲೇ ಕಂಕುಳ ಹತ್ರ ಒಂದು ಜೋಡು ಹಾಕೋಣ ಅಕ್ಕ. ಯಾರು ಕೈ ಎತ್ತಿ ನೋಡ್ತಾರೆ? ಹೇಳೋದೇ ಬೇಡ."

ಅವಳು ಹೇಳಿದ್ದು ಆಗುವ ಕೆಲಸವೇ. ಬಟ್ಟೆ ಸಾಲದಿದ್ದಾಗ ಹಳೇ ಟೈಲರುಗಳು ಮಾಡುತ್ತಿದ್ದದ್ದೂ ಅದನ್ನೇ. ಆದರೆ ಹೇಳದೆ ಕೊಟ್ಟರೆ? ಪರದೆಯ ಹಿಂದೆ ಮೊದಲೇ ಒಂದು ಸುಳ್ಳು ಕೂತಿತ್ತು. ಅದರ ಮೇಲೆ ಇನ್ನೊಂದು ಹೊದಿಸಿ, ಆ ಹುಡುಗಿಯನ್ನು ಧಾರೆಗೆ ಕಳಿಸುವುದೇ? ನಾನು ಕೈ ಕಳೆದುಕೊಂಡವಳು, ಕಸುಬು ಕಳೆದುಕೊಂಡವಳಲ್ಲ. ಕದ್ದುಮುಚ್ಚಿ ಮಾಸ್ಟರ್ ಅನ್ನಿಸಿಕೊಳ್ಳುವುದಕ್ಕಿಂತ ಅಂಗಡಿ ಬಾಗಿಲು ಎಳೆಯುವುದೇ ವಾಸಿ ಎನ್ನಿಸಿತು. ಅಜ್ಜಿಗೆ ಫೋನ್ ಮಾಡಿ, ಸ್ವಲ್ಪ ಬಂದು ಹೋಗುತ್ತೀರಾ ಎಂದೆ.

ಅರ್ಧ ಗಂಟೆಯಲ್ಲಿ ಆಟೋದಲ್ಲಿ ಬಂದಿಳಿದರು. ನಾನು ಪೀಠಿಕೆ ಹಾಕಲಿಲ್ಲ. ಎರಡು ತೋಳನ್ನೂ ಮೇಜಿನ ಮೇಲೆ ಹರಡಿ ಆದದ್ದನ್ನು ಹೇಳಿದೆ. ಹೇಗಾಯಿತು ಎಂದು ಕೇಳಿದರು. ಪರದೆ ಸರಿಸಿ, ಎಡಗೈಯಲ್ಲಿ ಕತ್ತರಿ ಹಿಡಿದು ತೋರಿಸಿದೆ.

ಅವರ ಮುಖ ಕೆಂಪಾಯಿತು. "ಧಾರೆ ಸೀರೆ ರವಿಕೆಗೆ ಎಡಗೈಲಿ ಕತ್ರಿ ಹಾಕಿದ್ರಾ?"

"ಹೂಂ ಅಮ್ಮ."

"ಯಾವಾಗಿಂದ ನಡೀತಿದೆ ಇದು?"

"ಎರಡು ತಿಂಗಳಿಂದ."

"ಹಾಗಾದ್ರೆ ಹೋದ ತಿಂಗಳು ಕೊಟ್ಟಿದ್ರಲ್ಲ, ನನ್ನ ಹಸಿರು ರವಿಕೆ?"

"ಅದೂ ಎಡಗೈದೇ."

"ಶಿವ ಶಿವಾ! ಅದನ್ನ ತೊಟ್ಕೊಂಡೇ ನಾನು ಗೌರಿ ಪೂಜೆ ಮಾಡಿದ್ದು!"

ನನ್ನ ಬಾಯಿ ಸುಮ್ಮನಿರಬೇಕಾಗಿತ್ತು. ಇರಲಿಲ್ಲ. "ಚೆನ್ನಾಗಿ ಕೂತಿತ್ತಾ ಅಮ್ಮ?"

ಅವರು ನನ್ನನ್ನು ಹೈಸ್ಕೂಲಿನ ಹುಡುಗಿಯನ್ನು ನೋಡುವಂತೆ ನೋಡಿದರು. ಆಮೇಲೆ ಹೇಳಿದರು. "ಕೂತಿತ್ತು."

ನಾನು ಹೇಳಿದೆ, "ಅಮ್ಮ, ಬಲಗೈ ಹೋಯ್ತು. ಹೆಬ್ಬೆಟ್ಟಿಗೆ ಜೀವ ಇಲ್ಲ, ನೋಡಿ. ಈ ಎಡಗೈಗೆ ಕೆಲ್ಸ ಕಲ್ಸೋಕೆ ಎಷ್ಟು ದಿನ ರಕ್ತ ಸುರಿಸಿದೀನಿ ಅಂತ ನನಗೊಬ್ಬಳಿಗೇ ಗೊತ್ತು. ತಪ್ಪಾಗಿದೆ, ಒಪ್ಕೋತೀನಿ. ಮುಚ್ಚಿಟ್ಟಿದ್ದೂ ತಪ್ಪೇ. ಆದ್ರೆ ಇದನ್ನ ಸರಿಮಾಡೋ ಕೈ ಬನಶಂಕರಿಯಲ್ಲಿ ಇದ್ರೆ ಇದೊಂದೇ."

ಜಂಬ ನೋಡಿ, ಕ್ಷಮೆ ಕೇಳುವಾಗಲೂ!

ಅಜ್ಜಿ ಬಟ್ಟೆಯ ಮೇಲೆ ಕೈಯಾಡಿಸಿದರು. "ಬಟ್ಟೆ ಕೆಡಿಸಿದ್ದು ಬೇರೆ ವಿಷಯ, ಬಚ್ಚಿಟ್ಟಿದ್ದು ಬೇರೆ ವಿಷಯ. ಈಗ ಇನ್ನೊಬ್ರ ಹತ್ರ ಹೋಗೋಕೆ ಹೊತ್ತಿಲ್ಲ. ಸರಿಮಾಡಿ. ಆಮೇಲೆ ನಾನು ಈ ಅಂಗಡಿ ಮೆಟ್ಟಿಲು ಹತ್ತುತ್ತೀನೋ ಇಲ್ವೋ ಈಗ್ಲೇ ಹೇಳಲ್ಲ" ಎಂದು ಹೊರಟುಹೋದರು.

ಎರಡು ದಿನ ಆ ಒಂದು ತೋಳಿನ ಕೆಲಸಕ್ಕೇ ಕೂತೆ. ಹೆಚ್ಚು ಕೊರೆದ ಕಡೆ ತುಂಬಿ, ಇನ್ನೊಂದು ಕಡೆ ಕೊರೆದರೆ ಅದು ಎಡಗಡೆಯ ತೋಳಾಗುತ್ತದೆ. ತುಂಬಲು ಬೇಕಾಗಿದ್ದದ್ದು ಕರಿಬೇವಿನ ಎಲೆಗಿಂತ ತುಸು ದೊಡ್ಡದಾದ, ಅದೇ ಆಕಾರದ ತುಂಡು. ಉಳಿದ ಚೂರಿನಲ್ಲಿ ನೇಯ್ಗೆಯ ಎಳೆ ತೋಳಿನ ಎಳೆಗೆ ಸರಿಯಾಗಿ ಹೊಂದುವ ಜಾಗ ಹುಡುಕಬೇಕು, ಇಲ್ಲದಿದ್ದರೆ ಬೆಳಕಿಗೆ ಬಣ್ಣ ಬೇರೆಯಾಗಿ ಕಾಣುತ್ತದೆ. ಮೊದಲು ಕಾಗದದಲ್ಲಿ ಇಪ್ಪತ್ತು ಸಲ ಕತ್ತರಿಸಿದೆ. ಆಮೇಲೆ ರೇಷ್ಮೆಯಲ್ಲಿ ಒಂದೇ ಸಲ. ಮಿಷನ್‌ನವಳು ಅದನ್ನು ಕೂಡಿಸಿದ ಹೊಲಿಗೆ ನೋಡಿ ಅವಳನ್ನು ತಬ್ಬಿಕೊಂಡೆ. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಆ ವಾರವೇ ಬಾತುಕೋಳಿಯದಲ್ಲದ ಒಳ್ಳೆಯ ಕತ್ತರಿಯೊಂದನ್ನು ಅವಳ ಕೈಗಿಟ್ಟು, ಬಾ ಇಲ್ಲಿ, ಕಾಗದ ಹಿಡಿ ಎಂದೆ. ಈಗ ಅವಳು ಕುತ್ತಿಗೆ ಸುತ್ತು ನನಗಿಂತ ಚೆನ್ನಾಗಿ ತೆಗೆಯುತ್ತಾಳೆ. ಹೊಟ್ಟೆಕಿಚ್ಚು ಸ್ವಲ್ಪ ಇನ್ನೂ ಇದೆ.

ಮದುವೆ ಹುಡುಗಿ ಅಳತೆ ನೋಡಲು ಬಂದಳು, ಅಜ್ಜಿಯೂ ಬಂದರು. ರವಿಕೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಎಲ್ಲೂ ಒಂದು ಸುಕ್ಕಿಲ್ಲ, ಒಂದು ಎಳೆತವಿಲ್ಲ.

"ಸಖತ್ತಾಗಿದೆ ಆಂಟಿ!" ಎಂದಳು ಹುಡುಗಿ.

ಅಜ್ಜಿ ಕನ್ನಡಕ ಹಾಕಿಕೊಂಡು ಅವಳ ಎರಡು ಕೈಯನ್ನೂ ಮೇಲೆತ್ತಿಸಿದರು. ಬಲಗಡೆ ನೋಡಿದರು, ಎಡಗಡೆ ನೋಡಿದರು, ಬೆಳಕಿಗೆ ತಿರುಗಿಸಿ ಮತ್ತೆ ಬಲಗಡೆ ನೋಡಿದರು. "ಯಾವ ತೋಳ್ರೀ ಅದು?"

"ನೀವೇ ಹುಡುಕಿ ಅಮ್ಮ."

ಇನ್ನೊಂದಷ್ಟು ಹೊತ್ತು ಹುಡುಕಿದರು. ಆಮೇಲೆ ಕನ್ನಡಕ ಮಡಿಸಿಟ್ಟು, ರವಿಕೆ ಕಟ್ಟಿಸಿಕೊಂಡು ಹೋದರು. ಚೆನ್ನಾಗಿದೆ ಎನ್ನಲಿಲ್ಲ. ಬರುತ್ತೇನೆ ಎಂದೂ ಹೇಳಲಿಲ್ಲ.

ಅವತ್ತೇ ಪರದೆ ಬಿಚ್ಚಿದೆ. ಕಟಿಂಗ್ ಮೇಜನ್ನು ಇಬ್ಬರೂ ಸೇರಿ ಎಳೆದು ಬಾಗಿಲ ಪಕ್ಕಕ್ಕೇ ಹಾಕಿದೆವು. ಬೀದಿಯಲ್ಲಿ ಹೋಗುವವರೆಲ್ಲ ನೋಡಲಿ. ಬಂದವರಿಗೆಲ್ಲ ನಾನೇ ಮೊದಲು ಹೇಳಿದೆ, ನೋಡಿ, ನಾನು ಎಡಗೈಯಲ್ಲಿ ಕತ್ತರಿಸೋದು, ಇಷ್ಟವಿದ್ದರೆ ಕೊಡಿ. ಕೆಲವರು ಅದಕ್ಕೇನಂತೆ ಎಂದರು. ಕೆಲವರು ನೆನಪಾದವರ ಹಾಗೆ, ಸೀರೆ ಮನೆಯಲ್ಲೇ ಮರೆತು ಬಂದೆ ಎಂದು ಕವರು ಕಂಕುಳಲ್ಲಿಟ್ಟುಕೊಂಡೇ ಹೋದರು. ವರಮಹಾಲಕ್ಷ್ಮಿಯ ಬಟ್ಟೆಯವರು ಬೀದಿಯ ಆ ಕಡೆ ನಡೆಯಲು ಶುರು ಮಾಡಿದರು. ಹೋಗುವವರು ಹೋಗಲಿ ಎಂದು ಬಾಯಲ್ಲಿ ಅಂದೆ. ಮನಸ್ಸಿಗೆ ನೋವಾಯಿತು, ಬಹಳ ನೋವಾಯಿತು. ಎಲ್ಲರಿಗಿಂತ ಹೆಚ್ಚಾಗಿ ಆ ಅಜ್ಜಿಯ ದಾರಿ ನೋಡುತ್ತಿದ್ದೆ. ಅವರು ಒಪ್ಪಿದರೆ ನಾನು ಮಾಸ್ಟರ್, ಇಲ್ಲದಿದ್ದರೆ ಹುಕ್ಸು ಹಾಕುವ ಹೆಂಗಸು ಎಂದು ನನ್ನೊಳಗೇ ತೀರ್ಮಾನವಾಗಿಹೋಗಿತ್ತು. ಅವರ ಮಾತಿನ ತೂಕ ಅಂಥದ್ದು.

ದಿನಾ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಎರಡು ಪದರ ಬೆಡ್‌ಶೀಟು ಮಡಿಸಿಟ್ಟು ಕತ್ತರಿಸುತ್ತಿದ್ದೆ. ಮದುವೆ ದಿನ ಕಳೆಯಿತು. ಬೀಗರ ಔತಣವೂ ಕಳೆದಿರಬೇಕು. ಒಂದು ತಿಂಗಳಾಯಿತು. ಎಡಗೈ ಎರಡು ಪದರಕ್ಕೆ ಒಗ್ಗಿತು, ಅಜ್ಜಿ ಬರಲಿಲ್ಲ. ಮಿಷನ್‌ನವಳು "ಬರ್ತಾರೆ ಬಿಡಿ ಅಕ್ಕ" ಎನ್ನುವುದನ್ನೂ ನಿಲ್ಲಿಸಿದಳು.

ಒಂದು ಸೋಮವಾರ ಬೆಳಿಗ್ಗೆ ಆಟೋ ನಿಂತಿತು. ಅಜ್ಜಿ ನಿಧಾನವಾಗಿ ಮೆಟ್ಟಿಲು ಹತ್ತಿದರು. ಬ್ಯಾಗಿನಿಂದ ನೇರಳೆ ಬಣ್ಣದ ಮೈಸೂರು ರೇಷ್ಮೆಯ ತುಂಡೊಂದನ್ನು ತೆಗೆದು ಮೇಜಿನ ಮೇಲೆ ಇಟ್ಟರು, ಪಕ್ಕದಲ್ಲಿ ಅಳತೆಗೆ ಒಂದು ರವಿಕೆ. ನೋಡಿದರೆ ಅದೇ ಹಸಿರು ರವಿಕೆ.

"ಇದರ ಅಳತೆಗೇ ಇರ್ಲಿ" ಎಂದರು. ಕುರ್ಚಿ ಎಳೆದುಕೊಂಡು ಮೇಜಿನ ಎದುರಿಗೇ ಕೂತರು. "ನನ್ನ ಕಣ್ಣೆದುರಿಗೇ ಕತ್ತರಿಸಿ. ನೋಡ್ಬೇಕು ನಾನು."

ಮೈಸೂರು ರೇಷ್ಮೆ ಕೈಯಲ್ಲಿ ನಿಲ್ಲುವ ಬಟ್ಟೆಯಲ್ಲ, ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಬೇಕೆಂದೇ ತಂದಿದ್ದರು, ನನಗೆ ಗೊತ್ತಾಗದೇ ಇರುತ್ತದೆಯೇ? ಬಟ್ಟೆಯನ್ನು ಮುಖಕ್ಕೆ ಮುಖ ಸೇರಿಸಿ ಮಡಿಸಿದೆ. ಜೀವವಿಲ್ಲದ ಬಲಗೈಯನ್ನು ತೂಕದ ಕಲ್ಲಿನ ಹಾಗೆ ಅದರ ಮೇಲಿಟ್ಟೆ. ಎಡಗೈಯಲ್ಲಿ ಚಾಕ್ ಹಿಡಿದು ಗೆರೆ ಎಳೆದೆ. ಕತ್ತರಿ ಎತ್ತಿಕೊಂಡೆ. ಅಜ್ಜಿ ಕನ್ನಡಕ ಹಾಕಿಕೊಂಡರು. ಮಿಷನ್ ನಿಂತಿತು. ಅಂಚಿನಿಂದ ಶುರು ಮಾಡಿ, ತೋಳಿನ ಉದ್ದ ಹತ್ತಿ, ಕಂಕುಳ ಸುತ್ತು ತಿರುಗಿ ಇಳಿಯುವವರೆಗೆ ಕತ್ತರಿಯನ್ನು ಬಟ್ಟೆಯಿಂದ ಎತ್ತಲೇ ಇಲ್ಲ. ಎರಡು ಪದರವೂ ಒಟ್ಟಿಗೆ ಬಿದ್ದವು.

ಅಜ್ಜಿ ಎದ್ದು ಬಂದು ಪದರಗಳನ್ನು ಬಿಡಿಸಿದರು. ಒಂದನ್ನು ತಮ್ಮ ಬಲಗೈಗೆ, ಇನ್ನೊಂದನ್ನು ಎಡಗೈಗೆ ಹಿಡಿದು ನೋಡಿದರು. ಎರಡನ್ನೂ ಮೇಜಿನ ಮೇಲಿಟ್ಟು ಬ್ಯಾಗು ತೋಳಿಗೆ ಹಾಕಿಕೊಂಡರು.

"ಗುರುವಾರ ಬರ್ತೀನಿ, ರೆಡಿ ಇರ್ಲಿ" ಎಂದರು, ಇಷ್ಟು ವರ್ಷ ಹೇಳಿದ ಹಾಗೆಯೇ.

ನಾನೂ ಎಲ್ಲ ಟೈಲರುಗಳೂ ಹೇಳುವ ಹಾಗೆ ಹೇಳಿದೆ.

"ಗುರುವಾರ ಆಗಲ್ಲಮ್ಮ. ಕೆಲ್ಸ ಜಾಸ್ತಿ ಇದೆ. ಮುಂದಿನ ಸೋಮವಾರ ಬನ್ನಿ."